ಹಳೆಯ ಎಲೆಕ್ಟ್ರಾನಿಕ್ ಏರ್ ರೈಫಲ್: ಕೊಳ್ಳುವ ಮುನ್ನ ಮನೆಮಂದಿ ಕೂತು ಹಾಕಬೇಕಾದ ಲೆಕ್ಕ

ಜಾತ್ರೆಯಲ್ಲಿ ಬಲೂನು ಹೊಡೆಯುವ ಕೋವಿಯನ್ನು ನಾವೆಲ್ಲರೂ ಕಂಡವರೇ. ಅದೇ ಜಾತಿಯ, ಆದರೆ ಬಹಳ ನಾಜೂಕಾದ ಏರ್ ರೈಫಲ್ ಹಿಡಿದು 2008ರ ಆಗಸ್ಟ್ 11ರಂದು ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ ತಂದರು. 2010ರಲ್ಲಿ ಮ್ಯೂನಿಕ್‌ನಲ್ಲಿ ರೈಫಲ್ ಸ್ಪರ್ಧೆಯೊಂದರ ವಿಶ್ವ ಚಾಂಪಿಯನ್ ಆದ ತೇಜಸ್ವಿನಿ ಸಾವಂತ್, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಇಬ್ಬರೂ ಕೊಲ್ಹಾಪುರದ ಕಡೆಯವರು. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ನಮ್ಮ ಕುಟುಂಬಗಳಿಗೆ ಅದು ನೆರೆಯ ಸೀಮೆ. ಹೀಗಿರುವಾಗ ಶಾಲೆಯ ಎನ್.ಸಿ.ಸಿ.ಯಲ್ಲಿ ಗುರಿ ಹಿಡಿಯಲು ಕಲಿತ ಮಗಳು, "ಅಪ್ಪಾ, ನನಗೊಂದು ರೈಫಲ್ ಕೊಡಿಸು" ಎಂದರೆ ಆಶ್ಚರ್ಯವೇನಿಲ್ಲ.

ಸ್ಪರ್ಧೆಗೆ ತಕ್ಕ ಹೊಸ ವಿದೇಶಿ ರೈಫಲ್ ಎಂದರೆ ಲಕ್ಷಗಳ ಮಾತು. ಆಗ ಮನೆಯವರ ಕಣ್ಣು ಸೆಕೆಂಡ್ ಹ್ಯಾಂಡ್ ಕಡೆಗೆ ಹೊರಳುತ್ತದೆ. "ಫಾದರ್, ಒಂದು ಎಲೆಕ್ಟ್ರಾನಿಕ್ ರೈಫಲ್ ಕಡಿಮೆಗೆ ಸಿಗುತ್ತದಂತೆ. ಇವಳ ಬಳೆ ಅಡವಿಟ್ಟು ತೆಗೆದುಕೊಳ್ಳಲೇ?" ಎಂದು ಕೇಳುವ ತಂದೆಯರಿದ್ದಾರೆ. ಅಂಥವರಿಗಾಗಿ ತಿಳಿದವರ ಅನುಭವ ಕೂಡಿಸಿ ಕೆಲವು ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಲೆಕ್ಟ್ರಾನಿಕ್ ಎಂದರೇನು?

10 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ನಡುಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಹಾರುವ ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್. ಇಷ್ಟು ಸೂಕ್ಷ್ಮವಾದ ಆಟದಲ್ಲಿ ಬೆರಳಿನ ಸಣ್ಣ ಎಳೆತವೂ ಗುರಿ ಕೆಡಿಸುತ್ತದೆ. ಸಾಮಾನ್ಯ ರೈಫಲ್‌ನಲ್ಲಿ ಟ್ರಿಗರ್ ಎಳೆದಾಗ ಉಕ್ಕಿನ ಕೊಂಡಿಯೊಂದು ಜಾರಿ ಸುತ್ತಿಗೆಯನ್ನು ಬಿಡುತ್ತದೆ. ಎಲೆಕ್ಟ್ರಾನಿಕ್ ರೈಫಲ್‌ನಲ್ಲಿ ಟ್ರಿಗರ್ ಬರಿಯ ಸ್ವಿಚ್ಚು. ಅದು ಸರ್ಕ್ಯೂಟ್ ಬೋರ್ಡಿಗೆ ಸೂಚನೆ ಕೊಡುತ್ತದೆ. ಬ್ಯಾಟರಿಯ ವಿದ್ಯುತ್ತಿನಿಂದ ಸೊಲೆನಾಯ್ಡ್ ಎಂಬ ಸುರುಳಿ ಮಿಡಿದು ಉಳಿದ ಕೆಲಸ ಮಾಡುತ್ತದೆ. ಬೆರಳಿಗೆ ಭಾರವಿಲ್ಲ, ಪ್ರತಿ ಸಲವೂ ಒಂದೇ ಅನುಭವ. ಇದೇ ಅದರ ಗುಣ.

ದೋಷವೂ ಅಲ್ಲೇ ಇದೆ. ಉಕ್ಕಿನ ಭಾಗ ಸವೆದರೆ ಒಳ್ಳೆಯ ಮೆಕ್ಯಾನಿಕ್ ಉಜ್ಜಿ ಸರಿಮಾಡಿಯಾನು. ಬೋರ್ಡು ಸುಟ್ಟರೆ ಅದೇ ಮಾಡೆಲಿನ ಬೋರ್ಡೇ ಬೇಕು. ಕಂಪನಿ ಆ ಮಾಡೆಲ್ ನಿಲ್ಲಿಸಿದ್ದರೆ ಲಕ್ಷದ ರೈಫಲ್ ಮನೆಯ ಮೂಲೆಗೆ ಸೇರುತ್ತದೆ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಎಲೆಕ್ಟ್ರಾನಿಕ್ ಟ್ರಿಗರ್‌ನ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೈಕೊಟ್ಟು ಬಹಳ ಹೊತ್ತು ನಷ್ಟವಾಯಿತು, ಫೈನಲ್ ತಪ್ಪಿತು. ಅವರು 2024ರಲ್ಲಿ ಪ್ಯಾರಿಸ್‌ನಲ್ಲಿ ಎರಡು ಕಂಚು ಗೆದ್ದದ್ದು ಸಂತೋಷದ ಸಂಗತಿ. ಆದರೆ ರಿಪೇರಿಗೆ ಜನ, ಬದಲಿಗೆ ಇನ್ನೊಂದು ಸಾಧನ ಇಲ್ಲದ ನಮ್ಮ ಮಕ್ಕಳ ಗತಿಯೇನು ಎಂದು ಯೋಚಿಸಬೇಕು.

ನೋಡಬೇಕಾದ ಐದು ಸಂಗತಿಗಳು

ಒಂದು, ಸಿಲಿಂಡರ್. ನಳಿಗೆಯ ಕೆಳಗಿರುವ ಗಾಳಿ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 200 ಬಾರ್ ಒತ್ತಡ ಇರುತ್ತದೆ. ಅದರ ಮೇಲೆ ತಯಾರಿಯ ದಿನಾಂಕ ಕೊರೆದಿರುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಂತೆ ಸಿಲಿಂಡರಿನ ಅವಧಿ ಹೆಚ್ಚೆಂದರೆ 10 ವರ್ಷ, ಅದನ್ನು ನೋಡಿಕೊಳ್ಳುವ ಹೊಣೆ ಶೂಟರ್‌ನದೇ. ಮಾರುವವರು "ಇನ್ನೂ ಗಟ್ಟಿಯಾಗಿದೆ" ಎಂದರೂ ಅವಧಿ ಮುಗಿದ ಸಿಲಿಂಡರಿಗೆ ಬೆಲೆ ಕಟ್ಟಬಾರದು.

ಎರಡು, ಗಾಳಿ ಸೋರಿಕೆ. ಗಾಳಿ ತುಂಬಿಸಿ ಮೀಟರಿನ ಮುಳ್ಳು ಎಲ್ಲಿದೆ ಎಂದು ಬರೆದಿಟ್ಟು, ಒಂದು ರಾತ್ರಿ ಕಳೆದ ಮೇಲೆ ಮತ್ತೆ ನೋಡಬೇಕು. ಮುಳ್ಳು ಗಣನೀಯವಾಗಿ ಇಳಿದಿದ್ದರೆ ಒಳಗಿನ ಸೀಲುಗಳು ಹೋಗಿವೆ ಎಂದರ್ಥ.

ಮೂರು, ಬ್ಯಾಟರಿ ಮತ್ತು ಬೋರ್ಡು. ಬ್ಯಾಟರಿಯ ಮುಚ್ಚಳ ತೆಗೆದು ನೋಡಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಬ್ಯಾಟರಿ ಸೋರಿ ತಗಡು ತಿಂದಿದೆ. ಕರಾವಳಿಯ ಉಪ್ಪುಗಾಳಿಯಲ್ಲಿ, ನೀಲಗಿರಿ, ವಯನಾಡಿನ ಥಂಡಿಯಲ್ಲಿ ಇಟ್ಟದ್ದಾದರೆ ಇನ್ನೂ ಸೂಕ್ಷ್ಮವಾಗಿ ನೋಡಬೇಕು. ಚಾರ್ಜರ್ ಮೂಲದ್ದೇ ಇದೆಯೇ, ಈ ಮಾಡೆಲಿನ ಬೋರ್ಡು ಇಂದಿಗೂ ಸಿಗುತ್ತದೆಯೇ ಎಂಬುದನ್ನು ಬೇರೆಯವರಿಂದ ಖಚಿತ ಮಾಡಿಕೊಳ್ಳಿ.

ನಾಲ್ಕು, ಗುರಿ. ಹೊಸ ಮ್ಯಾಚ್ ರೈಫಲ್ ಜೊತೆ ಕಾರ್ಖಾನೆಯಿಂದ ಪರೀಕ್ಷಾ ಕಾರ್ಡು ಬರುತ್ತದೆ. ಅದರ ನಂಬರ್ ರೈಫಲ್ಲಿನ ನಂಬರಿಗೆ ಹೊಂದಬೇಕು. ಕೋಚ್ ಒಬ್ಬರನ್ನು ಕರೆದೊಯ್ದು, ರೈಫಲ್ಲನ್ನು ಅಲುಗಾಡದಂತೆ ಆನಿಸಿ 10 ಮೀಟರಿನಿಂದ ಹತ್ತು ಪೆಲೆಟ್ ಹೊಡೆಸಿ. ಎಲ್ಲವೂ ಸುಮಾರಾಗಿ ಒಂದೇ ತೂತಿನಲ್ಲಿ ಹೋಗಬೇಕು.

ಐದು, ಮೈಗೆ ಒಪ್ಪುವುದು. ಎಡಗೈಯವರದೋ ಬಲಗೈಯವರದೋ ಎಂಬುದು ಮೊದಲ ಪ್ರಶ್ನೆ. ನಿಯಮದಲ್ಲಿ 5.5 ಕಿಲೋ ತೂಕದವರೆಗೆ ಅವಕಾಶವಿದೆ. ಆದರೆ ಬೆಳೆಯುವ ಮಗುವಿನ ಸೊಂಟ, ಬೆನ್ನು ಅಷ್ಟು ಭಾರ ತಾಳದು.

ಬೆಲೆ ಕಟ್ಟುವುದು ಹೀಗೆ

ಮಾರುವವರು ಅಂದು ಕೊಟ್ಟ ಬೆಲೆ ಮುಖ್ಯವಲ್ಲ. ಅದೇ ಗುಣಮಟ್ಟದ ಹೊಸ ರೈಫಲ್ಲಿನ ಇಂದಿನ ಬೆಲೆಯಿಂದ ಆರಂಭಿಸಿ. ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ಉದಾಹರಣೆ: ಹೊಸದು 3,00,000 ರೂಪಾಯಿ ಎನ್ನೋಣ. ಹಳೆಯದು ಎಲ್ಲ ಸರಿಯಿದ್ದರೆ ಅದರ ಅರ್ಧ, ಅಂದರೆ 1,50,000 ಎಂದು ಕೋಚ್ ಹೇಳಿದರು. ಹೊಸ ಸಿಲಿಂಡರಿಗೆ 25,000, ಸೀಲು ಬದಲಿಸಲು 10,000, ಕಳೆದುಹೋದ ಹಿಂಬದಿ ಸೈಟಿಗೆ 20,000 ಬೇಕು. ಇವನ್ನು ಕಳೆದರೆ ಉಳಿಯುವುದು 95,000. ಬೋರ್ಡು ಸಿಗುವ ಭರವಸೆ ಇಲ್ಲದಿದ್ದರೆ ಅದಕ್ಕೂ ಕೊಡಬಾರದು. ಗಾಳಿ ತುಂಬುವ ಅಡಾಪ್ಟರ್, ಪೆಟ್ಟಿಗೆ, ಕೀಲಿಗಳು ಇವೆಯೇ ಎಂದು ಎಣಿಸಿಕೊಳ್ಳಿ.

ಹಾಗೆಂದು ಮಾರುವವರ ಕಷ್ಟ ನೋಡಿ ಮುರಿದು ಕೇಳುವುದೂ ನ್ಯಾಯವಲ್ಲ. ಅದು ಆಟ ಬಿಟ್ಟ ಇನ್ನೊಂದು ಮಗುವಿನ ರೈಫಲ್ ಆಗಿರಬಹುದು. ಕಂಡ ದೋಷಗಳನ್ನು ಕಾಗದದಲ್ಲಿ ಬರೆದು ಇಬ್ಬರೂ ಮುಂದಿಟ್ಟುಕೊಂಡು ಮಾತಾಡಿದರೆ ಮನಸ್ತಾಪ ಬಾರದು.

ಕಾನೂನು ಮತ್ತು ಎಚ್ಚರ

2016ರ ಆಯುಧ ನಿಯಮಗಳು ಏರ್ ರೈಫಲ್‌ಗೆ 20 ಜೂಲ್ ಶಕ್ತಿ, .177 ಅಂಗುಲ (4.5 ಮಿ.ಮೀ.) ನಳಿಗೆಯ ಗೆರೆ ಎಳೆದಿವೆ. ಆ ಗೆರೆ ದಾಟಿದರೆ ಲೈಸೆನ್ಸ್ ಬೇಕು. ಅರ್ಧ ಗ್ರಾಂ ಪೆಲೆಟ್ಟು ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹಾರಿದರೆ ಅದರ ಶಕ್ತಿ ಸುಮಾರು 7.2 ಜೂಲ್. ಹಾಗಾಗಿ 10 ಮೀಟರ್ ಸ್ಪರ್ಧೆಯ ರೈಫಲ್ ಆ ಗೆರೆಯ ಒಳಗೇ ಇರುತ್ತದೆ. ಆದರೆ ಇಂಗ್ಲೆಂಡಿನ ಡೇಸ್ಟೇಟ್‌ನಂಥ ಕಂಪನಿಗಳು ಬೇಟೆಗೂ ಬಯಲಿಗೂ ಮಾಡಿದ ಎಲೆಕ್ಟ್ರಾನಿಕ್ ರೈಫಲ್‌ಗಳಲ್ಲಿ ಕೆಲವು ಬಹಳ ಬಲಶಾಲಿ. "ಎಲೆಕ್ಟ್ರಾನಿಕ್" ಎಂಬ ಹೆಸರು ಕೇಳಿ ಅಂಥದ್ದನ್ನು ತಂದುಕೊಂಡರೆ ಸ್ಪರ್ಧೆಗೂ ಆಗದು, ಪೊಲೀಸ್ ಠಾಣೆಗೂ ಅಲೆಯಬೇಕಾದೀತು. ಆಮದಾದ ರೈಫಲ್ ಆದರೆ ಕಸ್ಟಮ್ಸ್ ಕಾಗದ ನೋಡಿ, ಸುಂಕದ ರಿಯಾಯಿತಿಯಲ್ಲಿ ಬಂದಿದ್ದರೆ ಮಾರಾಟಕ್ಕೆ ಷರತ್ತಿದೆಯೇ ಎಂದು ಕೇಳಿ. ಇಬ್ಬರ ಗುರುತಿನ ಚೀಟಿ, ರೈಫಲ್ ನಂಬರ್ ಸಹಿತ ರಸೀದಿ ಮಾಡಿಕೊಳ್ಳಿ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇವೆ. ಸಿಲಿಂಡರಿಗೆ ಒಣ, ಶುದ್ಧ ಗಾಳಿ ಮಾತ್ರ ತುಂಬಬೇಕು. ಹತ್ತಿರದ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಎಂದೂ ಬೇಡ. ಒಳಗಿನ ಗ್ರೀಸಿಗೆ ತಾಗಿದರೆ ಸಿಡಿದು ಪ್ರಾಣಕ್ಕೇ ಕುತ್ತು. ರೈಫಲ್ ಬೀಗದೊಳಗೆ, ಪೆಲೆಟ್ ಬೇರೆ ಕಪಾಟಿನಲ್ಲಿ ಇರಲಿ. ತೋಟದ ಹಕ್ಕಿಗಳ ಮೇಲೆ ಗುರಿ ಹಿಡಿಯುವುದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧವಾಗಬಹುದು ಎಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿ.

ಕೊನೆಯ ಲೆಕ್ಕ

ರೈಫಲ್ಲಿನ ಬೆಲೆ ಮೊದಲ ಖರ್ಚು ಮಾತ್ರ. ಪೆಲೆಟ್, ಜಾಕೆಟ್, ರೇಂಜಿನ ಶುಲ್ಕ, ಪ್ರಯಾಣ ಪ್ರತಿ ತಿಂಗಳೂ ಬರುತ್ತವೆ. ಮಗು ಒಂದು ವರ್ಷ ಕ್ಲಬ್ಬಿನ ಸಾಧಾರಣ ರೈಫಲ್ಲಿನಲ್ಲೇ ಬಿಡದೆ ಅಭ್ಯಾಸ ಮಾಡಲಿ. ಅಂಕ ಏರುತ್ತಿದ್ದರೆ, ಕೋಚ್ ಸ್ವತಃ ಬೇಕೆಂದರೆ ಆಗ ಕೊಳ್ಳುವ ಮಾತು. ಕಲಿಯುವವರಿಗೆ ಎಲೆಕ್ಟ್ರಾನಿಕ್ ಟ್ರಿಗರ್ ಬೇಕೇ ಬೇಕೆಂದಿಲ್ಲ. ಊರಲ್ಲೇ ರಿಪೇರಿಯಾಗುವ ಮೆಕ್ಯಾನಿಕಲ್ ರೈಫಲ್ ಎಷ್ಟೋ ಮನೆಗಳಿಗೆ ಹೆಚ್ಚು ಒಪ್ಪುತ್ತದೆ.

ಬಳೆ ಅಡವಿಟ್ಟು ತಂದ ರೈಫಲ್ ಮಗುವಿನ ಹೆಗಲಿಗೆ ಐದು ಕಿಲೋ ಭಾರವಲ್ಲ, ಐವತ್ತು ಕಿಲೋ ಭಾರ. ಒಂದು ಹೊಡೆತ ತಪ್ಪಿದಾಗಲೆಲ್ಲ ಅಮ್ಮನ ಬರಿಗೈ ಕಣ್ಣಮುಂದೆ ಬರುತ್ತದೆ. ಅಂಥ ಮನಸ್ಸಿನಿಂದ ಗುರಿ ನಿಲ್ಲುವುದಿಲ್ಲ. ಕೊಳ್ಳಲು ಶಕ್ತಿಯಿದ್ದರೆ ನೋಡಿ, ಅಳೆದು, ಸಂತೋಷದಿಂದ ಕೊಡಿಸಿ. ಇಲ್ಲದಿದ್ದರೆ "ಈಗ ಆಗದು ಮಗಳೇ, ಕ್ಲಬ್ಬಿನ ರೈಫಲ್ಲಿನಲ್ಲಿ ಮುಂದುವರಿ, ನಾನೂ ಜೊತೆಗೆ ಬರುತ್ತೇನೆ" ಎಂದು ಹೇಳಲು ಯಾವ ತಂದೆಯೂ ನಾಚಬೇಕಾಗಿಲ್ಲ.