ಅಳತೆಗೆ ಸಿಕ್ಕ ಮುಟ್ಟು

ಒಂದು ಪ್ಯಾಡ್ ಎಷ್ಟು ರಕ್ತ ಹೀರುತ್ತದೆ? ಈ ಪ್ರಶ್ನೆಗೆ ಬಹುಕಾಲ ಉತ್ತರ ಕೊಟ್ಟದ್ದು ಉಪ್ಪುನೀರು. ಪ್ರಯೋಗಾಲಯದಲ್ಲಿ ಪ್ಯಾಡ್ ಮೇಲೆ ನೀರನ್ನೋ ಉಪ್ಪುನೀರನ್ನೋ ಸುರಿದು ಅಳೆಯುತ್ತಿದ್ದರು. ರಕ್ತ ನೀರಿಗಿಂತ ಮಂದ, ಅದು ಬಟ್ಟೆಯೊಳಗೆ ಇಳಿಯುವ ಬಗೆಯೇ ಬೇರೆ. 2023ರಲ್ಲಿ ಅಮೆರಿಕದ ಒರೆಗಾನ್ ಹೆಲ್ತ್ ಅಂಡ್ ಸೈನ್ಸ್ ಯೂನಿವರ್ಸಿಟಿಯ ರಕ್ತರೋಗ ತಜ್ಞೆ ಬೆಥನಿ ಸ್ಯಾಮುಯೆಲ್‌ಸನ್ ಬ್ಯಾನೋ ಮತ್ತು ಸಂಗಡಿಗರು, ಬಳಕೆಯ ಅವಧಿ ಮುಗಿದ ಕೆಂಪು ರಕ್ತಕಣಗಳನ್ನು ತಂದು 21 ಬಗೆಯ ಮುಟ್ಟಿನ ಸಾಧನಗಳನ್ನು ಅಳೆದರು. ಒಳಗೆ ಇಟ್ಟುಕೊಳ್ಳುವ ಡಿಸ್ಕ್ ಸರಾಸರಿ 61 ಮಿಲಿಲೀಟರ್ ಹಿಡಿಯಿತು. ಸ್ರಾವ ಹೀರುವ ಒಳಉಡುಪಾದ ಪೀರಿಯಡ್ ಪ್ಯಾಂಟಿ ಹಿಡಿದದ್ದು ಸುಮಾರು 2 ಮಿಲಿಲೀಟರ್. ಪ್ಯಾಡ್, ಟ್ಯಾಂಪನ್, ಕಪ್‌ಗಳು ಇವೆರಡರ ನಡುವೆ ನಿಂತವು. ಮುಟ್ಟಿನಲ್ಲಿ 80 ಮಿಲಿಲೀಟರಿಗಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ದಿನಕ್ಕೆ ಎಷ್ಟು ಪ್ಯಾಡ್ ಬದಲಿಸಿದಿರಿ ಎಂದು ಕೇಳಿಯೇ ವೈದ್ಯರು ಹೆಚ್ಚಾಗಿ ಅದನ್ನು ಊಹಿಸುತ್ತಾರೆ. ಪ್ಯಾಡಿನ ಅಳತೆಯೇ ತಪ್ಪಿದ್ದರೆ ಆ ಊಹೆಗೆ ಆಧಾರ ಎಲ್ಲಿಯದು?

ಕೋಟಿಗಟ್ಟಲೆ ಹೆಂಗಸರು ತಿಂಗಳು ತಿಂಗಳೂ ಬಳಸುವ ವಸ್ತುವನ್ನು ರಕ್ತದಿಂದಲೇ ಅಳೆದು ನೋಡಲು ಇಷ್ಟು ವರ್ಷ ಬೇಕಾಯಿತು. ಮರುಬಳಕೆಯ ಸಾಧನಗಳ ಚರಿತ್ರೆಯ ಉದ್ದಕ್ಕೂ ಇಂಥದೇ ತಡ ಕಾಣುತ್ತದೆ. ಹೆಂಗಸರ ನಿಜವಾದ ಅನುಭವವನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡಾಗಲೆಲ್ಲ ಆ ಚರಿತ್ರೆ ಒಂದು ಹೆಜ್ಜೆ ಮುಂದೆ ಹೋಗಿದೆ.

ಅಮೆರಿಕದ ನಟಿ ಲಿಯೋನಾ ಚಾಮರ್ಸ್ ಮುಟ್ಟಿನ ಕಪ್‌ಗೆ ಪೇಟೆಂಟ್ ಪಡೆದದ್ದು 1937ರಲ್ಲಿ. ಅದು ಲ್ಯಾಟೆಕ್ಸ್ ರಬ್ಬರಿನ ಪುಟ್ಟ ಬಟ್ಟಲು. ಹೀರುವ ಕೆಲಸ ಅದರದಲ್ಲ, ಸ್ರಾವವನ್ನು ಹಿಡಿದಿಡುವುದಷ್ಟೇ. ಖಾಲಿ ಮಾಡಿ, ತೊಳೆದು, ಮತ್ತೆ ಇಟ್ಟುಕೊಳ್ಳಬಹುದು. ಆದರೆ ಎರಡನೇ ಮಹಾಯುದ್ಧ ರಬ್ಬರನ್ನೆಲ್ಲ ನುಂಗಿತು, ತಯಾರಿಕೆ ನಿಂತಿತು. 1950ರ ದಶಕದ ಕೊನೆಗೆ ‘ಟ್ಯಾಸೆಟ್’ ಎಂಬ ಹೆಸರಿನಲ್ಲಿ ಮತ್ತೆ ಬಂತು. ಮೈಯೊಳಗೆ ಕೈಯಾಡಿಸುವ, ಸ್ರಾವವನ್ನು ಕಣ್ಣಾರೆ ನೋಡುವ ಮುಜುಗರದ ಎದುರು ಅದೂ ನಿಲ್ಲಲಿಲ್ಲ. 1987ರಲ್ಲಿ ‘ಕೀಪರ್’ ಎಂಬ ಬ್ರ್ಯಾಂಡ್ ಬಂದ ಮೇಲೆ ಕಪ್ ಬೇರೂರಿತು. ಲ್ಯಾಟೆಕ್ಸ್ ಒಗ್ಗದವರಿಗೂ ದಾರಿ ತೆರೆದದ್ದು ಈ ಶತಮಾನದ ಆರಂಭದಲ್ಲಿ ಬಂದ ವೈದ್ಯಕೀಯ ದರ್ಜೆಯ ಸಿಲಿಕೋನ್ ಕಪ್.

ಕಪ್ ಸುರಕ್ಷಿತವೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು 2019ರಲ್ಲಿ. ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಲಿವರ್‌ಪೂಲ್‌ನ ಸಂಶೋಧಕರು 43 ಅಧ್ಯಯನಗಳನ್ನು, 3,319 ಜನರ ಅನುಭವವನ್ನು ಒಟ್ಟುಗೂಡಿಸಿದರು. ಸೋರಿಕೆ ಪ್ಯಾಡ್ ಅಥವಾ ಟ್ಯಾಂಪನ್‌ನಷ್ಟೇ, ಇಲ್ಲವೇ ಕಡಿಮೆ. ಬಳಸಿದವರಲ್ಲಿ ಶೇ. 70ರಷ್ಟು ಮಂದಿ ಮುಂದುವರಿಸಲು ಸಿದ್ಧ. ಆದರೆ ಕೈ ಕುದುರಲು ಕೆಲವು ತಿಂಗಳು ಬೇಕು, ಬಳಸಿ ಗೊತ್ತಿರುವ ಗೆಳತಿಯೊಬ್ಬಳು ಹೇಳಿಕೊಟ್ಟರೆ ಕಲಿಯುವುದು ಸಲೀಸು. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಪ್ರಾಣಾಪಾಯದ ಸೋಂಕಿನ 5 ಪ್ರಕರಣಗಳು, ಕಪ್ ತೆಗೆಯುವಾಗ ಗರ್ಭಕೋಶದೊಳಗಿನ ಕಾಪರ್-ಟಿಯಂಥ ಸಾಧನ ಜಾರಿದ ಪ್ರಕರಣಗಳು ಕೂಡ ಅದರಲ್ಲಿ ದಾಖಲಾದವು. ಅಪಾಯ ವಿರಳ, ಆದರೂ ಕಾಪರ್-ಟಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಕಪ್ ಬಳಸಬೇಕು.

ಕರ್ನಾಟಕದಲ್ಲಿ ಸರ್ಕಾರದ ‘ಶುಚಿ’ ಯೋಜನೆಯ ಪ್ಯಾಡ್‌ಗಳ ಜೊತೆಗೆ ಕಪ್ ಕೂಡ ಬಂತು. ‘ಮೈತ್ರಿ’ ಎಂಬ ಹೆಸರಿನಲ್ಲಿ ಸರ್ಕಾರ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳ ಹುಡುಗಿಯರಿಗೆ ಪ್ರಾಯೋಗಿಕವಾಗಿ ಹಂಚಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ ದಾರಿ ಎಷ್ಟು ದೂರ ಎಂಬುದು ತಿಳಿಯುತ್ತದೆ. ದೇಶದ 15ರಿಂದ 24 ವರ್ಷದ ಹೆಂಗಳೆಯರಲ್ಲಿ ಶೇ. 64 ಮಂದಿ ಪ್ಯಾಡ್, ಶೇ. 50 ಮಂದಿ ಬಟ್ಟೆ ಬಳಸುತ್ತಿದ್ದರು, ಕೆಲವರು ಎರಡನ್ನೂ. ಕಪ್ ಬಳಸುವವರು ಶೇ. 0.3 ಮಾತ್ರ.

ಹಾಗಾದರೆ ನೀರೇ ಅಪರೂಪವಾದ ಹುಬ್ಬಳ್ಳಿ-ಧಾರವಾಡ ಅವಳಿನಗರದ ಹೆಣ್ಣುಮಗಳು ಯಾವುದನ್ನು ಆರಿಸಬೇಕು? ಇಲ್ಲಿ ಮೊದಲು ಕೇಳಬೇಕಾದ ಮಾತು, ಮನೆಯ ನಳಕ್ಕೆ ನೀರು ಯಾವಾಗ ಬರುತ್ತದೆ ಎಂಬುದು. ಹಲವು ಓಣಿಗಳಿಗೆ ಅದು ವಾರಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡ. ಬಂದ ದಿನ ಡ್ರಮ್ಮು, ಹಂಡೆ, ಕೊಡ ತುಂಬಿಟ್ಟು ದಿನ ದೂಡಬೇಕು. 2008ರಲ್ಲಿ ಅವಳಿನಗರದ ಕೆಲವೇ ವಾರ್ಡುಗಳಿಗೆ ದಿನವಿಡೀ ನೀರು ಬಂತು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡುಗಳನ್ನೂ ಉಳಿದವನ್ನೂ ಹೋಲಿಸಿ, ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯ ಸೂಚಿಸುವ ಬ್ಯಾಕ್ಟೀರಿಯ ಹೆಚ್ಚು ಎಂದು 2013ರಲ್ಲಿ ಪ್ರಕಟಿಸಿದರು. ಮರುಬಳಕೆಯ ಸಾಧನವನ್ನು ತೊಳೆಯುವುದೂ ಇದೇ ನೀರಿನಲ್ಲೇ.

ಬಟ್ಟೆ ಪ್ಯಾಡ್‌ಗೆ ನೀರು ಹೆಚ್ಚು ಬೇಕು. ತಣ್ಣೀರಿನಲ್ಲಿ ನೆನೆಸಿ, ಸೋಪು ಹಚ್ಚಿ ತಿಕ್ಕಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬಟ್ಟೆ ಒಣಗುವುದೇ ಕಷ್ಟ. ಅದರ ಮೇಲೆ ನಾಚಿಕೆಯಿಂದ ಬೇರೆ ಬಟ್ಟೆಯ ಅಡಿ ಮುಚ್ಚಿ ಹಾಕಿದರೆ ಹಸಿ ಉಳಿದು ಸೋಂಕಿಗೆ ದಾರಿಯಾಗುತ್ತದೆ. ಹತ್ತಿಯ ಪ್ಯಾಡ್‌ಗಳು ಸಾಕಷ್ಟು ಜೊತೆ ಇರಲಿ, ಮಳೆಗಾಲದಲ್ಲಿ ಫ್ಯಾನಿನ ಗಾಳಿಗೆ ಹರವಿ. ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಮರುಬಳಕೆಯ ಪ್ಯಾಡ್ ಮತ್ತು ಪೀರಿಯಡ್ ಪ್ಯಾಂಟಿಗಳಿಗೆ ಐಎಸ್ 17514 ಎಂಬ ಮಾನದಂಡ ತಂದಿದೆ. ಕೊಳ್ಳುವಾಗ ಅದನ್ನು ಕೇಳಿ.

ಪೀರಿಯಡ್ ಪ್ಯಾಂಟಿ ತೊಡಲು ಹಿತ, ಸ್ರಾವ ಕಡಿಮೆಯಿರುವ ದಿನಕ್ಕೆ ಸಾಕು. ಆದರೆ ವಿಜ್ಞಾನಿ ಗ್ರಹಾಂ ಪೀಸ್ಲಿ ಅಮೆರಿಕದ ಕೆಲವು ಪ್ಯಾಂಟಿಗಳನ್ನು ಪರೀಕ್ಷಿಸಿದಾಗ ಪಿಎಫ್‌ಎಎಸ್ ಎಂಬ, ಸುಲಭವಾಗಿ ನಾಶವಾಗದ ರಾಸಾಯನಿಕಗಳ ಗುರುತು ಸಿಕ್ಕಿದ್ದು 2020ರಲ್ಲಿ ಸುದ್ದಿಯಾಯಿತು. ಕಲೆ ಹಿಡಿಯದು, ವಾಸನೆ ಬಾರದು ಎಂದು ಹೆಚ್ಚು ಹೊಗಳಿಕೊಳ್ಳುವ ಸರಕನ್ನು ಪ್ರಶ್ನಿಸಿ ಕೊಳ್ಳುವುದು ಒಳ್ಳೆಯದು.

ನೀರಿನ ಬರ ಇರುವ ಮನೆಗೆ ಕಪ್ ಸರಿಹೊಂದುತ್ತದೆ. ಕೈಗೆ ಸೋಪು ಹಚ್ಚಿ ತೊಳೆದು, ಕಪ್ ಖಾಲಿ ಮಾಡಿ, ಒಂದು ಚೊಂಬು ಶುದ್ಧ ನೀರಿನಲ್ಲಿ ಅದನ್ನು ತೊಳೆದರಾಯಿತು. ಮುಟ್ಟಿನ ಮೊದಲು ಮತ್ತು ಮುಗಿದ ಮೇಲೆ ಕುದಿಸಬೇಕು. 8ರಿಂದ 12 ಗಂಟೆಗಿಂತ ಹೆಚ್ಚು ಹೊತ್ತು ಒಳಗಿಡಬಾರದು. ಆರಿಸುವಾಗ ವಯಸ್ಸು, ಹೆರಿಗೆ, ಗರ್ಭದ್ವಾರದ ಎತ್ತರ, ಸ್ರಾವದ ಪ್ರಮಾಣ ನೋಡಬೇಕು. ಮೊದಲ ತಿಂಗಳೇ ಹಿತ ಎನಿಸದಿದ್ದರೆ ಸೋತಂತೆ ಅಲ್ಲ. ಬೇರೆ ಅಳತೆಯದು ಹೊಂದಬಹುದು, ಅಥವಾ ಬಟ್ಟೆ ಪ್ಯಾಡೇ ಸರಿ ಇರಬಹುದು. ನೋವಿದ್ದರೆ ಸಹಿಸಿಕೊಳ್ಳಬೇಕಿಲ್ಲ.

ಈ ಆಯ್ಕೆಯ ಹೊರೆಯನ್ನು ಹುಡುಗಿಯೊಬ್ಬಳ ತಲೆಗೇ ಹೊರಿಸುವುದು ತಪ್ಪು. ಶಾಲೆಯ ಶೌಚಾಲಯದಲ್ಲಿ ನಳವಿದೆಯೇ, ನಳದಲ್ಲಿ ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ, ಕೈ ತೊಳೆಯಲು ಸೋಪಿದೆಯೇ ಎಂದು ಎಣಿಸುವ ಕೆಲಸ ಮಹಾನಗರ ಪಾಲಿಕೆಯದು, ಶಿಕ್ಷಣ ಇಲಾಖೆಯದು, ನಮ್ಮೆಲ್ಲರದು. ಅವಳಿನಗರದ ಪ್ರತಿ ಶಾಲೆಯಲ್ಲಿ ಆ ಲೆಕ್ಕ ಆಗಲಿ, ಕಪ್ ಹಂಚುವ ಮೊದಲೇ ಆಗಲಿ.