ಹೊಳೆಯುವುದೆಲ್ಲ ವಜ್ರವೇ? ತೂಗಿ ನೋಡಿ!

ಮಕ್ಕಳೇ, ಚಂದಗಡ ಕಡೆಯ ಹಳ್ಳದಾಗ ಬೆಳ್ಳಗೆ ಮಿಂಚುವ ಕಲ್ಲು ಸಿಕ್ಕರೆ ಸಾಕು, "ಸರ್, ಇದು ವಜ್ರ ಏನ್ರೀ?" ಅಂತ ತರಗತಿಗೆ ತರುತ್ತೀರಿ. "ಗಾಜಿನ ಮ್ಯಾಲೆ ಗೀರಿದ್ರೆ ಗೆರೆ ಬಿತ್ರೀ" ಅಂತ ಸಾಕ್ಷಿಯನ್ನೂ ಹೇಳುತ್ತೀರಿ. ಆ ಸಾಕ್ಷಿ ಸಾಲದು. ಮೋಸ್ ಗಡಸುತನದ ಅಳತೆಯಲ್ಲಿ ಗಾಜು ಸುಮಾರು 5.5, ಬೆಣಚುಕಲ್ಲು 7, ವಜ್ರ 10. ಅಂದರೆ ಬೆಣಚುಕಲ್ಲೂ ಗಾಜನ್ನು ಗೀರುತ್ತದೆ. ಸುತ್ತಿಗೆಯಿಂದ ಹೊಡೆದು ನೋಡಬೇಡಿ, ನಿಜವಾದ ವಜ್ರವೂ ಒಡೆಯುತ್ತದೆ!

ನಮ್ಮ ಭಾಗದ ಕರಿಕಲ್ಲು ಹೆಚ್ಚಾಗಿ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಆರಿ ಆದದ್ದು. ಅದರೊಳಗಿನ ಗುಳ್ಳೆಗಳ ಜಾಗದಲ್ಲಿ ಬೆಣಚು ಹರಳುಗಳು ಬೆಳೆಯುತ್ತವೆ. ವಜ್ರ ಹುಟ್ಟುವುದು 150 ಕಿ.ಮೀ.ಗೂ ಆಳದಲ್ಲಿ. ಅದನ್ನು ಮೇಲೆ ತರುವುದು ಕಿಂಬರ್ಲೈಟ್‌ನಂಥ ಬೇರೆಯೇ ಶಿಲಾರಸ. ಹಾಗಾಗಿ ನಿಮ್ಮ ಕಲ್ಲು ಬೆಣಚು ಆಗಿರುವ ಸಂಭವವೇ ಹೆಚ್ಚು. ಆದರೂ ನನ್ನ ಮಾತು ನಂಬಬೇಡಿ, ನೀವೇ ಪರೀಕ್ಷಿಸಿ.

ಕಲ್ಲನ್ನು ತೊಳೆದು ಗಾಳಿಯಲ್ಲಿ ತೂಗಿ. ನಂತರ ನೂಲು ಕಟ್ಟಿ, ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ತೂಗಿ. ಗಾಳಿಯಲ್ಲಿ 53 ಗ್ರಾಂ, ನೀರಿನಲ್ಲಿ 33 ಗ್ರಾಂ ಬಂತು ಅನ್ನಿ. ಕಡಿಮೆಯಾದದ್ದು 20. ಈಗ 53 ÷ 20 = 2.65. ಇದು ಬೆಣಚಿನ ಸಾಪೇಕ್ಷ ಸಾಂದ್ರತೆ. ವಜ್ರಕ್ಕೆ 3.52 ಬರಬೇಕು. ಆರ್ಕಿಮಿಡಿಸ್ ತತ್ವವನ್ನು ಪರೀಕ್ಷೆಗಷ್ಟೇ ಓದೋದಲ್ಲ ನೋಡಿ!

3.5 ಬಂದರೆ ವಜ್ರವೇ? ಅವಸರ ಬೇಡ. ಟೋಪಾಜ್ ಕಲ್ಲಿಗೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಒಂದು ಪರೀಕ್ಷೆ "ಇದಲ್ಲ" ಎಂದು ಹೇಳಬಲ್ಲದು, "ಇದೇ" ಎನ್ನಲು ಇನ್ನೊಂದು ಬೇಕು. ಅಲ್ಲಿ ನೆರವಾಗುವವರು ಸರ್ ಸಿ.ವಿ. ರಾಮನ್. 1928ರಲ್ಲಿ ಅವರು ಕಂಡುಹಿಡಿದ ಪರಿಣಾಮದ ಪ್ರಕಾರ, ವಸ್ತುವಿನಿಂದ ಚದುರಿದ ಬೆಳಕಿನ ಅತಿ ಸಣ್ಣ ಭಾಗ ಬಣ್ಣ ಬದಲಿಸುತ್ತದೆ. ಎಷ್ಟು ಬದಲಾಯಿತು ಎಂಬುದು ಆ ವಸ್ತುವಿನ ಬೆರಳಚ್ಚು ಇದ್ದಂತೆ. ಇಂದು ರತ್ನ ಪರೀಕ್ಷಾ ಪ್ರಯೋಗಾಲಯಗಳು ಲೇಸರ್ ಬಳಸಿ ಇದನ್ನೇ ನೋಡುತ್ತವೆ. ಮುಂದೆ ಬೆಂಗಳೂರಿನಲ್ಲಿ ರಾಮನ್ ಅವರು ವಜ್ರಗಳನ್ನೇ ಸಂಗ್ರಹಿಸಿ ವರ್ಷಗಟ್ಟಲೆ ಸಂಶೋಧನೆ ಮಾಡಿದರು.

ಈ ವಿದ್ಯೆಗೆ ರತ್ನಶಾಸ್ತ್ರ ಎನ್ನುತ್ತಾರೆ. ಸೂರತ್, ಮುಂಬೈಗಳಲ್ಲಿ ಇದನ್ನು ಕಲಿಸುವ ಸಂಸ್ಥೆಗಳಿವೆ. ಬುನಾದಿ ಮಾತ್ರ ನಿಮ್ಮ ವಿಜ್ಞಾನದ ಪುಸ್ತಕದಲ್ಲೇ ಇದೆ. ಯಾರಾದರೂ ಹೊಳೆಯುವ ಕಲ್ಲು ತೋರಿಸಿ "ವಜ್ರ, ಅಗ್ಗಕ್ಕೆ ಕೊಡ್ತೀನಿ" ಅಂದರೆ ಮನೆಯವರಿಗೆ ಹೇಳಿ: ದುಡ್ಡು ಎಣಿಸೋ ಮೊದಲು ಕಲ್ಲು ತೂಗಲಿ.