ಸರ್ವಿಸ್ ಬುಕ್ಕಿನ ಸೀಲು ಮತ್ತು ಟರ್ಬೊ ಕಾರಿನ ನಿಜವಾದ ಚರಿತ್ರೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹುಡುಗರ ಬಾಯಲ್ಲಿ ಸ್ಪೋರ್ಟ್ಸ್ ಕಾರು ಎಂದರೆ ಫೆರಾರಿಯಲ್ಲ. ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಮಾರುತಿ ಬಲೆನೊ ಆರ್‌ಎಸ್, ಅಬಾರ್ಥ್ ಪುಂಟೊ, ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನೋಡಲಿಕ್ಕೆ ಸಂಸಾರಸ್ಥರ ಕಾರು, ಬಾನೆಟ್ ಎತ್ತಿದರೆ ಟರ್ಬೊ ಇಂಜಿನ್. ಬಲೆನೊ ಆರ್‌ಎಸ್ 2020ರಲ್ಲಿ ನಿಂತಿತು, ಪೋಲೊ 2022ರಲ್ಲಿ ಭಾರತದಿಂದ ಹೊರಟಿತು, ಅಬಾರ್ಥ್ ಪುಂಟೊ ಅದಕ್ಕೂ ಮೊದಲೇ ಹೋಯಿತು. ಹಾಗಾಗಿ ಇವು ಬೇಕೆಂದರೆ ಸೆಕೆಂಡ್ ಹ್ಯಾಂಡೇ ಗತಿ.

ಮಾರುವವರು ಇಂಥ ಕಾರಿನ ಜೊತೆ ‘ಫುಲ್ ಸರ್ವಿಸ್ ಹಿಸ್ಟರಿ’ ಎಂಬ ಮಾತನ್ನೂ ಮಾರುತ್ತಾರೆ. ಆ ಮಾತಿಗೆ ಹತ್ತು-ಇಪ್ಪತ್ತು ಸಾವಿರ ಹೆಚ್ಚಿಗೆ ಕೊಡಲು ಕೊಳ್ಳುವವರೂ ಸಿದ್ಧ. ಆದರೆ ಹಿಸ್ಟರಿ ಎಂದರೆ ಏನು, ಅದನ್ನು ಯಾವುದರ ಪಕ್ಕ ಇಟ್ಟು ಓದಬೇಕು ಎಂದು ಕೇಳುವವರು ಕಡಿಮೆ. ತಾರೀಖು, ಕಿಲೋಮೀಟರ್, ಬದಲಿಸಿದ ಭಾಗ: ಈ ಮೂರೂ ಒಂದೇ ಕಾಗದದ ಮೇಲೆ ಇದ್ದರೆ ಅದು ಚರಿತ್ರೆ. ಅದನ್ನು ಓದಬೇಕಾದ್ದು ಅದೇ ಕಾರಿನ ಓನರ್ಸ್ ಮ್ಯಾನುವಲ್ ಪಕ್ಕದಲ್ಲಿಟ್ಟು. ಬೇರೆ ಕಾರಿನ ಅನುಭವ ಇಲ್ಲಿ ದಾರಿ ತಪ್ಪಿಸುತ್ತದೆ.

“ಶೋರೂಮ್ ಸೀಲ್ ಅದಾವ್ರೀ, ಮತ್ತೇನ್ ನೋಡೂದು?”

ಸೀಲು ಹೇಳುವುದು ಒಂದೇ ಸಂಗತಿ: ಆ ದಿನ ಗಾಡಿ ಅಲ್ಲಿಗೆ ಹೋಗಿತ್ತು. ಒಳಗೆ ಏನು ಮಾಡಿದರು ಎಂಬುದು ಸೀಲಿನಲ್ಲಿ ಇರುವುದಿಲ್ಲ, ಬಿಲ್ಲಿನಲ್ಲಿ ಇರುತ್ತದೆ. ಇಂಜಿನ್ ಆಯಿಲ್ ಯಾವ ಗ್ರೇಡಿನದು, ಎಷ್ಟು ಲೀಟರ್, ಆಯಿಲ್ ಫಿಲ್ಟರ್ ಬದಲಾಯಿತೋ ಇಲ್ಲವೋ, ಏರ್ ಫಿಲ್ಟರ್ ಹೊಸದು ಹಾಕಿದರೋ ಗಾಳಿ ಹೊಡೆದು ಅದನ್ನೇ ಕೂರಿಸಿದರೋ, ಎಲ್ಲ ಅಲ್ಲಿ ಸಾಲುಸಾಲಾಗಿ ಇರುತ್ತದೆ. ಇನ್ನೊಂದು, ಖಾಲಿ ಸರ್ವಿಸ್ ಬುಕ್ಕು ಸಿಗುವುದೂ ಸುಲಭ, ರಬ್ಬರ್ ಸ್ಟ್ಯಾಂಪ್ ಮಾಡಿಸುವುದೂ ಸುಲಭ.

ಟರ್ಬೊ ಕಾರಿನಲ್ಲಿ ಆಯಿಲ್ ಬಗ್ಗೆ ಇಷ್ಟು ಹಟ ಯಾಕೆ? ಟರ್ಬೊದ ಒಳಗಿನ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಹಿಡಿದಿರುವುದು ಆಯಿಲಿನ ತೆಳುವಾದ ಪದರ. ಇಂಜಿನ್ ನಿಂತ ಮೇಲೂ ಆ ಜಾಗ ಬಿಸಿಯಾಗಿಯೇ ಇದ್ದು, ಹಳೆಯ ಆಯಿಲ್ ಅಲ್ಲೇ ಸುಟ್ಟು ಕರಕಾಗಿ ಕೂರುತ್ತದೆ. ಸಾಮಾನ್ಯ ಪೆಟ್ರೋಲ್ ಇಂಜಿನ್ ಒಂದು ಸರ್ವಿಸ್ ತಪ್ಪಿದರೆ ತಡೆದುಕೊಂಡೀತು. ಟರ್ಬೊ ತಡೆಯುವ ಶಕ್ತಿ ಕಡಿಮೆ, ರಿಪೇರಿಯ ಖರ್ಚು ಬಹಳ.

ದಾರಿ ಸರಳವಾಗಿದೆ. ಮಾರುವವರನ್ನು ಜೊತೆಗೆ ಕರೆದುಕೊಂಡು ಆ ಕಂಪನಿಯ ವರ್ಕ್‌ಶಾಪಿಗೆ ಹೋಗಿ. ನಮ್ಮ ಕಡೆಯವರಿಗೆ ಕೆಲವು ಕಂಪನಿಗಳ ವರ್ಕ್‌ಶಾಪ್ ಎಂದರೆ ಹುಬ್ಬಳ್ಳಿಗೋ ದಾವಣಗೆರೆಗೋ ಒಂದು ದಿನದ ಓಡಾಟ. ಆದರೂ ಲಕ್ಷಾಂತರ ರೂಪಾಯಿಯ ವ್ಯವಹಾರಕ್ಕೆ ಅದು ದೊಡ್ಡದಲ್ಲ. ರಿಜಿಸ್ಟ್ರೇಷನ್ ನಂಬರ್ ಕೊಟ್ಟರೆ ಜಾಬ್ ಕಾರ್ಡುಗಳ ಸಾಲು ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತದೆ. ಮಾರುವವರು ಅಲ್ಲಿಗೆ ಬರಲು ಒಪ್ಪದಿದ್ದರೆ ಆ ಕಾರನ್ನು ಅಲ್ಲಿಗೇ ಬಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

“ಬೆಂಗಳೂರ್ ಗಾಡಿ, ಬರೇ ಮೂವತ್ತೈದ್ ಸಾವಿರ ಓಡೇತ್ರೀ”

ಕಡಿಮೆ ಓಡಿದ ಗಾಡಿ ಒಳ್ಳೆಯ ಗಾಡಿ ಎಂಬ ನಂಬಿಕೆ ಬಹಳ ಆಳವಾಗಿ ಬೇರೂರಿದೆ. ಇದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಮೋಸ ಮಾಡುತ್ತದೆ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ತೆವಳಿದರೆ ಮೀಟರಿನಲ್ಲಿ ಒಂದೆರಡು ಕಿಲೋಮೀಟರ್ ಏರುತ್ತದೆ. ಆ ಅರ್ಧ ಗಂಟೆಯಲ್ಲಿ ಇಂಜಿನ್ ಓಡುತ್ತಲೇ ಇರುತ್ತದೆ, ಕ್ಲಚ್ ನೂರಾರು ಸಲ ಹಿಡಿದು ಬಿಡುತ್ತದೆ. ಅದೇ ಕಾರು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಮೋಟೆಬೆನ್ನೂರಿನಿಂದ ಹುಬ್ಬಳ್ಳಿಗೆ ಹೋದರೆ ಬಹುಪಾಲು ದೂರ ಒಂದೇ ಗೇರಿನಲ್ಲಿ ಸಾಗುತ್ತದೆ. ಬೆಂಗಳೂರಿನ 35 ಸಾವಿರಕ್ಕಿಂತ ಹೆದ್ದಾರಿಯ 70 ಸಾವಿರ ಮೇಲು ಎನ್ನುವ ಪ್ರಸಂಗಗಳು ನಿಜಕ್ಕೂ ಇವೆ. ಮೊದಲ ಪೋಲೊ ಜಿಟಿ ಟಿಎಸ್‌ಐಯಂಥ ಕಾರಿನಲ್ಲಂತೂ ಈ ವ್ಯತ್ಯಾಸ ದೊಡ್ಡದು. ಅದರ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಅಂದರೆ 7 ಗೇರಿನ ಡಿಎಸ್‌ಜಿಯೊಳಗಿನ ಎರಡೂ ಕ್ಲಚ್‌ಗಳು ಒಣ ಕ್ಲಚ್‌ಗಳು, ಆಯಿಲಿನಲ್ಲಿ ಮುಳುಗಿರುವಂಥವಲ್ಲ. ತೆವಳುವ ಟ್ರಾಫಿಕ್ಕಿನಲ್ಲಿ ಅವು ಬಿಸಿಯಾಗಿ ಬೇಗ ಸವೆಯುತ್ತವೆ.

ಕಾಲವೂ ಕಾರನ್ನು ಸವೆಸುತ್ತದೆ. ಬ್ರೇಕ್ ಆಯಿಲ್ ನೀರಿನಂಶ ಹೀರುತ್ತದೆ, ಆದ್ದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಇಂಜಿನ್ ಆಯಿಲಿಗೆ ಕಂಪನಿಗಳು ಕಿಲೋಮೀಟರ್ ಲೆಕ್ಕದ ಜೊತೆಗೆ ‘ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದು ಬರೆಯುವುದು ಇದಕ್ಕೇ. ವರ್ಷಕ್ಕೆ ನಾಲ್ಕು ಸಾವಿರ ಓಡಿದ ಕಾರಿಗೂ ವರ್ಷಕ್ಕೊಂದು ಬಿಲ್ಲು ಇರಬೇಕು. ‘ಓಡೇ ಇಲ್ಲ, ಸರ್ವಿಸ್ ಯಾಕ್ರೀ’ ಎನ್ನುವ ಮಾತು ಉತ್ತರವಲ್ಲ.

ಇನ್ನು ಮೀಟರಿನ ಅಂಕಿಯನ್ನೇ ನಂಬುವುದು ಹೇಗೆ? ಅದನ್ನು ಹಿಂದಕ್ಕೆ ತಿರುಗಿಸುವವರು ಇದ್ದಾರೆ. ಆದರೆ ಕಾರಿನ ಮೈಮೇಲಿನ ತಾರೀಖುಗಳನ್ನು ತಿರುಗಿಸುವುದು ಕಷ್ಟ. ಟಯರಿನ ಬದಿಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. 2018ರ ಕಾರು 28 ಸಾವಿರವಷ್ಟೇ ಓಡಿದೆ ಎನ್ನುತ್ತಾರೆ, ನಾಲ್ಕೂ ಟಯರು 2021ರವು. ಮೊದಲ ಟಯರುಗಳು ಅಷ್ಟು ಬೇಗ ಎಲ್ಲಿ ಹೋದವು ಎಂದು ಕೇಳಿ. ಗಾಜುಗಳ ಮೇಲಿನ ಗುರುತು, ಸೀಟ್ ಬೆಲ್ಟಿನ ಬುಡದ ಚೀಟಿಯ ತಾರೀಖು ಕೂಡ ನೋಡಿ. ಒಂದು ಬಾಗಿಲಿನ ಗಾಜು ಮಾತ್ರ ಬೇರೆ ವರ್ಷದ್ದಾಗಿದ್ದರೆ ಅದಕ್ಕೊಂದು ಕಾರಣವಿದೆ, ಆ ಕಾರಣ ಬಿಲ್ಲಿನಲ್ಲಿ ಇರಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಮೇಲಿನ ಹಿಡಿಯನ್ನಷ್ಟೇ ನೋಡಿ ದರ ಹೇಳುವುದಿಲ್ಲ, ಆಳಕ್ಕೆ ಕೈ ಹಾಕುತ್ತಾರೆ. ಕಾರಿಗೂ ಅಷ್ಟು ಮಾಡಬೇಕು.

ಬೆಂಗಳೂರಿನ ಗಾಡಿಯ ಬಗ್ಗೆ ಮತ್ತೂ ಒಂದು ಮಾತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದವು. ಆ ಹೊತ್ತಿಗೆ ಅಲ್ಲಿದ್ದ ಕಾರು ಎಂದಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮಣ್ಣಿನ ಕಲೆ ಇದೆಯೇ ನೋಡಿ. ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯೇ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿ.

“ಗೇರ್‌ಬಾಕ್ಸ್ ಆಯಿಲ್ ಬದ್ಲಿ ಮಾಡಿಲ್ಲಂದ್ರ ಗಾಡಿ ಬ್ಯಾಡ”

ಗ್ಯಾರೇಜಿನ ಮುಂದೆ ಕುಳಿತವರು ಪ್ರೀತಿಯಿಂದ ಕೊಡುವ ಸಲಹೆ ಇದು. ಒಂದು ಕಾರಿಗೆ ನೂರಕ್ಕೆ ನೂರು ಸರಿ, ಇನ್ನೊಂದಕ್ಕೆ ಅಷ್ಟೇ ತಪ್ಪು.

2017ರಲ್ಲಿ ಭಾರತಕ್ಕೆ ಬಂದ ಆಕ್ಟೇವಿಯಾ ಆರ್‌ಎಸ್ 230 ಅಶ್ವಶಕ್ತಿಯದು, 6 ಗೇರಿನ ಡಿಎಸ್‌ಜಿ ಇರುವಂಥದ್ದು. ಅದರ ಕ್ಲಚ್‌ಗಳು ಆಯಿಲಿನಲ್ಲಿ ಮುಳುಗಿಯೇ ಕೆಲಸ ಮಾಡುತ್ತವೆ. ಕ್ಲಚ್ಚಿನ ಸವೆತವೆಲ್ಲ ಆ ಆಯಿಲಿಗೇ ಸೇರುತ್ತದೆ. ಹೀಗಾಗಿ 60,000 ಕಿಲೋಮೀಟರಿಗೆ ಆಯಿಲ್ ಮತ್ತು ಫಿಲ್ಟರ್ ಎರಡೂ ಬದಲಾಗಬೇಕು. 80 ಸಾವಿರ ಓಡಿದ ಆರ್‌ಎಸ್‌ನ ಕಡತದಲ್ಲಿ ಆ ಒಂದು ಬಿಲ್ಲು ಇಲ್ಲದಿದ್ದರೆ ಉಳಿದ ಸೀಲುಗಳು ಎಷ್ಟಿದ್ದರೂ ಚರಿತ್ರೆ ಪೂರ್ತಿಯಲ್ಲ.

2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐಯ ಒಣ ಕ್ಲಚ್ ಡಿಎಸ್‌ಜಿಗೆ ಕಂಪನಿ ಅಂಥ ನಿಗದಿತ ಅವಧಿಯನ್ನೇ ಇಟ್ಟಿಲ್ಲ. ಅಲ್ಲಿ ಆಯಿಲ್ ಬದಲಿಸಿದ ಬಿಲ್ಲು ಇಲ್ಲವೆಂದು ಕಾರನ್ನು ದೂರುವುದು ಅನ್ಯಾಯ. ಕೇಳಬೇಕಾದ ಪ್ರಶ್ನೆ ಬೇರೆ: ಗೇರ್, ಕ್ಲಚ್ಚುಗಳನ್ನು ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಬದಲಾಗಿದೆಯೇ? ಕ್ಲಚ್ ಪ್ಯಾಕ್ ಬದಲಾಗಿದೆಯೇ? ಯಾವಾಗ, ಎಷ್ಟು ಕಿಲೋಮೀಟರಿಗೆ? ಈ ಗೇರ್‌ಬಾಕ್ಸಿನ ತೊಂದರೆ ನಮ್ಮ ಊರಿನ ಗಾಳಿಮಾತಲ್ಲ. 2013ರ ನವೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿ, 7 ಗೇರಿನ ಡಿಎಸ್‌ಜಿಯ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಲು ಮುಂದಾಗಿತ್ತು. ಮೆಕಾಟ್ರಾನಿಕ್ ಬದಲಿಸಿದ ದೊಡ್ಡ ಬಿಲ್ಲು ಕಂಡರೆ ಕೆಲವರು ‘ರಿಪೇರಿ ಗಾಡಿ’ ಎಂದು ಹೆದರುತ್ತಾರೆ. ನನಗೆ ಅದು ಒಳ್ಳೆಯ ಸುದ್ದಿ. ಬರಬಹುದಾಗಿದ್ದ ದೊಡ್ಡ ಖರ್ಚು ಹಿಂದಿನವರ ಕೈಯಲ್ಲೇ ಮುಗಿದಿದೆ.

2020ರಲ್ಲಿ ಅದೇ ಪೋಲೊ ಜಿಟಿಗೆ 1 ಲೀಟರಿನ ಮೂರು ಸಿಲಿಂಡರ್ ಇಂಜಿನ್ ಬಂತು, ಡಿಎಸ್‌ಜಿ ಹೋಗಿ 6 ಗೇರಿನ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು. ಹೆಸರು ಒಂದೇ, ಕೇಳಬೇಕಾದ ಪ್ರಶ್ನೆಗಳು ಪೂರ್ತಿ ಬೇರೆ.

ಅಬಾರ್ಥ್ ಪುಂಟೊಗೆ ಬಂದರೆ ಗೇರ್‌ಬಾಕ್ಸ್ ಸಾದಾ ಮ್ಯಾನುವಲ್, ಆತಂಕ ಟೈಮಿಂಗ್ ಬೆಲ್ಟಿನದು. ರಬ್ಬರ್ ಬೆಲ್ಟಿಗೆ ವಯಸ್ಸೂ ಲೆಕ್ಕ, ಕಿಲೋಮೀಟರೂ ಲೆಕ್ಕ. ಓಡುವಾಗ ಹರಿದರೆ ವಾಲ್ವುಗಳಿಗೆ ಪಿಸ್ಟನ್ ಬಡಿದು ಇಂಜಿನ್ನೇ ಕುಲಗೆಡಬಹುದು. 2015ರಲ್ಲಿ ಬಂದ ಕಾರಿಗೆ ಬೆಲ್ಟ್ ಬದಲಿಸಿದ ಬಿಲ್ಲು ಇಲ್ಲವೆಂದರೆ, ಬದಲಿಸಿಲ್ಲ ಎಂದೇ ತಿಳಿದು ಆ ಖರ್ಚನ್ನು ದರದಲ್ಲಿ ಕಳೆಯಿರಿ. ಬಲೆನೊ ಆರ್‌ಎಸ್‌ಗೆ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್ ಇದೆ. ಅಲ್ಲಿ ಬೆಲ್ಟಿನ ಬಿಲ್ಲು ಕೇಳಿದರೆ ಮಾರುವವರು ನಗುತ್ತಾರೆ. ಆದರೆ 2023ರ ಏಪ್ರಿಲ್‌ನಲ್ಲಿ ಮಾರುತಿ ಕಂಪನಿ 7,213 ಬಲೆನೊ ಆರ್‌ಎಸ್‌ಗಳನ್ನು ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ ವಾಪಸ್ ಕರೆಸಿತ್ತು. 2016ರ ಅಕ್ಟೋಬರ್ ಕೊನೆಯಿಂದ 2019ರ ನವೆಂಬರ್ ಮೊದಲ ದಿನದವರೆಗೆ ತಯಾರಾದ ಕಾರುಗಳವು. ಇಂಥ ಕೆಲಸಕ್ಕೆ ಕಂಪನಿ ದುಡ್ಡು ಕೇಳುವುದಿಲ್ಲ. ಹಳೆಯ ಓನರ್ ಹೋಗಿಲ್ಲದಿದ್ದರೆ ನೀವೇ ಚಾಸಿ ನಂಬರ್ ಕೊಟ್ಟು ವಿಚಾರಿಸಬಹುದು. ಬ್ರೇಕಿನ ವಿಷಯ, ಮುಂದಕ್ಕೆ ಹಾಕಬೇಡಿ.

“ಊರ ಗ್ಯಾರೇಜಿನ್ಯಾಗ ಮಾಡ್ಸಿದ್ದು ಲೆಕ್ಕಕ್ಕಿಲ್ಲ”

ವಾರಂಟಿ ಮುಗಿದ ಮೇಲೆ ಲೆಕ್ಕಕ್ಕಿದೆ. ರಾಣೆಬೆನ್ನೂರಿನ ಮಿಸ್ತ್ರಿಯೊಬ್ಬರು ಸರಿಯಾದ ಗ್ರೇಡಿನ ಆಯಿಲ್, ಕಂಪನಿಯ ಫಿಲ್ಟರ್ ಹಾಕಿ, ಚೀಟಿಯ ಮೇಲೆ ತಾರೀಖು, ಕಿಲೋಮೀಟರ್ ಬರೆದುಕೊಟ್ಟಿದ್ದರೆ ಬರೀ ಸೀಲಿಗಿಂತ ಅದರ ಬೆಲೆ ಹೆಚ್ಚು. ಆಯಿಲ್, ಫಿಲ್ಟರ್ ಕೊಂಡ ಅಂಗಡಿಯ ಜಿಎಸ್‌ಟಿ ಬಿಲ್ಲುಗಳು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಬಾಯಿಮಾತು ಮಾತ್ರ ಇದ್ದರೆ ಅದು ಬಾಯಿಮಾತೇ, ಮಿಸ್ತ್ರಿ ಎಷ್ಟೇ ಪರಿಚಯದವರಾಗಿರಲಿ.

“ರೀಮ್ಯಾಪ್ ತೆಗಿಸೇವ್ರೀ, ಈಗ ಕಂಪನಿ ಇದ್ದಂಗ ಐತಿ”

ರೀಮ್ಯಾಪ್ ಎಂದರೆ ಶಕ್ತಿ ಹೆಚ್ಚಿಸಲು ಇಂಜಿನ್ನಿನ ಸಾಫ್ಟ್‌ವೇರ್ ತಿದ್ದುವುದು. ಆ ಸಾಫ್ಟ್‌ವೇರ್ ಹಿಂದಿನಂತೆ ಆಗಬಹುದು, ಸವೆದ ಕ್ಲಚ್ ಆಗುವುದಿಲ್ಲ. ಪೋಲೊದ ಒಣ ಕ್ಲಚ್ ಡಿಎಸ್‌ಜಿಯನ್ನು 250 ನ್ಯೂಟನ್ ಮೀಟರ್ ಟಾರ್ಕಿನವರೆಗೆ ತಾಳುವಂತೆ ರೂಪಿಸಲಾಗಿದೆ, ಇಂಜಿನ್ ಕಂಪನಿಯಿಂದ ಬಂದಾಗ ಕೊಡುತ್ತಿದ್ದದ್ದು 175. ರೀಮ್ಯಾಪ್ ಮಾಡುವವರು ತಿನ್ನುವುದು ಈ ಅಂತರವನ್ನೇ. ಕೊಳ್ಳುವ ಮುನ್ನ ಸ್ಕ್ಯಾನರ್ ಹಾಕಿಸಿ. ದೋಷದ ಕೋಡುಗಳು ಇಲ್ಲವೆಂದು ಸಮಾಧಾನಪಡಬೇಡಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ‘ರೆಡಿನೆಸ್’ ಪರೀಕ್ಷೆಗಳು ಅಪೂರ್ಣ ಎಂದು ತೋರಿಸಿದರೆ, ಕೋಡುಗಳನ್ನು ಇತ್ತೀಚೆಗೆ ಅಳಿಸಿರುವ ಅಥವಾ ಬ್ಯಾಟರಿ ಬಿಚ್ಚಿರುವ ಸಾಧ್ಯತೆ ಇದೆ.

“ಇನ್ಶುರೆನ್ಸ್ ಚಾಲ್ತಿ ಐತಿ, 50 ಪರ್ಸೆಂಟ್ ಎನ್‌ಸಿಬಿ ನಿಮಗ ಬರ್ತತಿ”

ಬರುವುದಿಲ್ಲ. ನೋ ಕ್ಲೇಮ್ ಬೋನಸ್ ಮನುಷ್ಯನದು, ಕಾರಿನದಲ್ಲ. ಹಳೆಯ ಓನರ್ ಅದನ್ನು ತನ್ನ ಮುಂದಿನ ಕಾರಿಗೆ ಒಯ್ಯಬಹುದು. ಪಾಲಿಸಿ ನಿಮ್ಮ ಹೆಸರಿಗೆ ಆಗುವಾಗ ಆ ರಿಯಾಯಿತಿಯ ವ್ಯತ್ಯಾಸವನ್ನು ನೀವು ಕಟ್ಟಬೇಕು.

ಆದರೆ ಇದೇ ಎನ್‌ಸಿಬಿ ಸರ್ವಿಸ್ ಬುಕ್ಕಿಗಿಂತ ಪ್ರಾಮಾಣಿಕ ಸಾಕ್ಷಿ. ಕ್ಲೇಮ್ ಮಾಡದ ವರ್ಷಗಳಿಗೆ ಅದು 20, 25, 35, 45, 50 ಪ್ರತಿಶತ ಹೀಗೆ ಏರುತ್ತದೆ, ಸಾಮಾನ್ಯವಾಗಿ ಒಂದು ಕ್ಲೇಮ್ ಆದರೆ ಸೊನ್ನೆಗೆ ಇಳಿಯುತ್ತದೆ. ಮೊದಲಿನಿಂದ ಒಬ್ಬರ ಕೈಯಲ್ಲೇ ಇರುವ ಐದು ವರ್ಷದ ಕಾರಿನ ಪಾಲಿಸಿಯಲ್ಲಿ 20 ಎಂದಿದ್ದರೆ ನಡುವೆ ಯಾವಾಗಲೋ ಕ್ಲೇಮ್ ಆಗಿರಬಹುದು. ‘ಒಂದೂ ಗೆರಿ ಬಿದ್ದಿಲ್ರೀ’ ಎಂದ ಬಾಯಿಗೆ ಆ ಅಂಕಿ ತೋರಿಸಿ ವಿವರಣೆ ಕೇಳಿ. ಎನ್‌ಸಿಬಿ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡವರಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ, ಆದ್ದರಿಂದ ಪಾಲಿಸಿಯ ಎಲ್ಲ ಪುಟಗಳನ್ನೂ ತಿರುವಿ.

“ಆರ್‌ಸಿ ಯಾರ ಹೆಸರಿಗಿದ್ರೇನ್ರೀ, ಗಾಡಿ ನಮ್ಮ ಕೈಯಾಗ ಐತಿ”

ಹಾವೇರಿಯ ಕೆಎ-27 ನಂಬರಿನ ಗಾಡಿಯಾದರೂ ಅಷ್ಟೇ, ಬೆಂಗಳೂರಿನದಾದರೂ ಅಷ್ಟೇ. ಮಾರುವವರು ಆರ್‌ಸಿಯಲ್ಲಿರುವ ವ್ಯಕ್ತಿಯಲ್ಲದಿದ್ದರೆ ಚರಿತ್ರೆಯ ಅರ್ಧ ಭಾಗ ನಿಮಗೆ ಸಿಗುವುದಿಲ್ಲ. ಸರ್ವಿಸ್ ದಾಖಲೆ, ಕ್ಲೇಮಿನ ವಿವರ ಎಲ್ಲವೂ ಆರ್‌ಸಿ ಓನರ್ ಹೆಸರಿನಲ್ಲೇ ಇರುತ್ತವೆ. ಹೆಸರು ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊಂಡು ಕಾರು ಎರಡು-ಮೂರು ಕೈ ದಾಟಿದ್ದರೆ ನಡುವಿನವರು ಏನು ಮಾಡಿದರು ಎಂಬುದಕ್ಕೆ ಕಾಗದವೇ ಇರದು. ಕಾಗದದಲ್ಲಿ ಅವರೆಲ್ಲ ಸೇರಿ ‘ಸಿಂಗಲ್ ಓನರ್’.

2018ರ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ, ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಓನರ್, ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಈ ತೀರ್ಪನ್ನು ತಿಳಿಸಿದರೆ ಆರ್‌ಸಿ ಓನರ್ ತಾವಾಗಿಯೇ ಮುಂದೆ ಬಂದು ಹೆಸರು ಬದಲಾಯಿಸಲು ಸಹಕರಿಸಬಹುದು, ಅದು ಅವರಿಗೂ ಕ್ಷೇಮ. ಅವರ ಜೊತೆ ಮಾತಾಡುವಾಗ ಕೊನೆಯ ಸರ್ವಿಸ್ ಎಲ್ಲಿ ಮಾಡಿಸಿದಿರಿ, ಕಾರು ಎಲ್ಲಿ ನಿಲ್ಲುತ್ತಿತ್ತು, ದಿನಾ ಯಾವ ದಾರಿಯಲ್ಲಿ ಓಡಿಸುತ್ತಿದ್ದಿರಿ ಎಂದು ಕೇಳಿ. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬರಲಿ. ಕಾರು ನಿಮ್ಮದಾದ 14 ದಿನದೊಳಗೆ ಇನ್ಶುರೆನ್ಸ್ ಕಂಪನಿಗೆ ಅರ್ಜಿ ಕೊಡಿ. ಆಮೇಲೆ ಹಳೆಯ ಬಿಲ್ಲುಗಳು ಎಷ್ಟೇ ಚೆನ್ನಾಗಿದ್ದರೂ ಮೊದಲ ವಾರದಲ್ಲೇ ಇಂಜಿನ್ ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಆಯಿಲ್ ಹೊಸದು ಹಾಕಿಸಿ, ತಾರೀಖು ಮತ್ತು ಕಿಲೋಮೀಟರ್ ಬರೆಸಿದ ಬಿಲ್ಲನ್ನು ಅದೇ ಕಡತಕ್ಕೆ ಸೇರಿಸಿ.